ದೊಡ್ಡಪ್ಪನ ಡಸ್ಟರ್

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಅಂಟಿಸಿರುವ ಹತ್ತೊಂಬತ್ತು ನಿಯಮಗಳನ್ನು ಬರೆದವಳು ಲ್ಯಾಬ್ ಉಸ್ತುವಾರಿಯಾದ ನಾನೇ. ಅವನ್ನು ಓದಿದವರು ಯಾರೂ ಇಲ್ಲ, ಆ ಮಾತು ಬೇರೆ. ಹನ್ನೊಂದನೆಯದು ಹೀಗಿದೆ: ವಾರಕ್ಕೆ ಎರಡು ಜಿಬಿಗಿಂತ ಹೆಚ್ಚು ಡೇಟಾ ಬಳಸಿದವರ ಖಾತೆ ಒಂದು ತಿಂಗಳು ಬಂದ್.

ಸೋಮವಾರ ಪಟ್ಟಿ ತೆಗೆದರೆ ಎರಡನೇ ವರ್ಷದ ಹುಡುಗಿಯೊಬ್ಬಳು ಹದಿನಾಲ್ಕು ಜಿಬಿ ನುಂಗಿ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ತಕ್ಷಣ ಕರೆಸಿದೆ.

ಖಾತೆ ಮುಚ್ಚುವ ಫಾರಂಗೆ ಶಿಸ್ತು ಸಮಿತಿಯ ಅಧ್ಯಕ್ಷರ ಸಹಿ ಬೇಕು. ಆ ಅಧ್ಯಕ್ಷರು ಮನೆಯಲ್ಲಿ ನನಗೆ ದೊಡ್ಡಪ್ಪ, ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು, ಹುಡುಗರ ಬಾಯಲ್ಲಿ ಡಸ್ಟರ್ ಮೇಷ್ಟ್ರು. ತರಗತಿಯಿಂದ ನೇರ ಬಂದರು, ಕೈಯಲ್ಲಿ ಡಸ್ಟರ್ ಸಮೇತ. ನಾನೂ ಅವರ ಹತ್ತಿರವೇ ಲೆಕ್ಕ ಓದಿದವಳು. ಬಾಯಿಪಾಠ ಹೊಡೆದು ಪಾಸಾದೆ ಎಂಬುದನ್ನು ಮಾತ್ರ ಮನೆಯಲ್ಲಿ ಯಾರಿಗೂ ಹೇಳಿಲ್ಲ.

“ಸಿನಿಮಾ ನೋಡಿರ್ತಾಳೆ. ಮುಚ್ಚಮ್ಮ ಖಾತೆ,” ಎಂದು ಪೆನ್ನು ತೆಗೆದರು.

“ಸರ್, ಇನ್ನು ಒಂಬತ್ತು ದಿನಕ್ಕೆ ಪರೀಕ್ಷೆ. ಮನೇಲಿ ಕಂಪ್ಯೂಟರ್ ಇಲ್ಲ. ಈ ಪೇಪರ್ ಹೋದ್ರೆ ಒಂದು ವರ್ಷ ಹೋದ ಹಾಗೆ,” ಎಂದಳು ಹುಡುಗಿ.

“ಅಷ್ಟೊಂದು ಏನು ನೋಡ್ತಿದ್ದೆ, ಅದನ್ನ ಹೇಳು,” ಎಂದೆ ನಾನು.

ಅವಳು ದೊಡ್ಡಪ್ಪನ ಮುಖ ನೋಡಿದಳು, ನೆಲ ನೋಡಿದಳು. ಅಷ್ಟಕ್ಕೇ ಬಿಡುವ ಪೈಕಿಯೇ ನಾನು? ಅವಳ ಖಾತೆ ತೆರೆದೆ. ವಾರವಿಡೀ ಒಂದೇ ವಿಡಿಯೊ, ನೂರ ಹದಿನಾಲ್ಕು ಸಲ. ಒತ್ತಿದರೆ ಪರದೆಯ ಮೇಲೆ ದೊಡ್ಡಪ್ಪನೇ ಬಂದರು. ಕಳೆದ ವರ್ಷ ನಾವೇ ರೆಕಾರ್ಡ್ ಮಾಡಿದ ಪಾಠ ಅದು.

ಬಲಗೈ ಬರೆಯುತ್ತಿತ್ತು. ಎಡಗೈ ಡಸ್ಟರ್ ಹಿಡಿದು ಅದರ ಬೆನ್ನು ಹತ್ತಿ ಅಳಿಸುತ್ತಿತ್ತು. ಹದಿನೇಳನೇ ನಿಮಿಷದಲ್ಲಿ ಲೆಕ್ಕದ ಒಂದು ಸಾಲು ಬಂತು, ಬಂದಷ್ಟೇ ಬೇಗ ಹೋಯಿತು.

“ನಿಲ್ಲಿಸಿ ನೋಡಿದ್ರೂ ಸರ್ ಬೆನ್ನು ಅಡ್ಡ ಬರತ್ತೆ ಮೇಡಂ. ಒಂದೊಂದು ಸಲಕ್ಕೆ ಒಂದೊಂದು ಚೂರು ಸಿಕ್ಕಿದೆ. ಇನ್ನೆರಡು ಸಿಕ್ಕಿಲ್ಲ.” ನೋಟ್‌ಬುಕ್ ತೋರಿಸಿದಳು. ಆ ಸಾಲಿನ ನಡುವೆ ಎರಡು ಕಡೆ ಖಾಲಿ ಬಿಟ್ಟಿದ್ದಳು.

ನಗು ತಡೆಯಲು ಕೆಮ್ಮಿದೆ. ದೊಡ್ಡಪ್ಪ ನಗಲಿಲ್ಲ.

“ಮೂವತ್ತೊಂದು ವರ್ಷದಿಂದ ಪಾಠ ಮಾಡ್ತಿದೀನಿ. ಒಬ್ಬರಾದ್ರೂ ಹೇಳಬಾರದಿತ್ತಾ?”

“ಭಯ ಸರ್,” ಎಂದಳು ಹುಡುಗಿ.

ಅವರ ಮುಖ ಸಣ್ಣಗಾಯಿತು. ನನಗೆ ಪಾಪ ಅನ್ನಿಸಿತು. ಅವರು ಎದ್ದು ಲ್ಯಾಬಿನ ಬೋರ್ಡಿನ ಮೇಲೆ ಆ ಸಾಲು ಬರೆದರು. ಎಡಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಅರ್ಧದಲ್ಲೇ ತಡೆದು, ಡಸ್ಟರನ್ನು ನನ್ನ ಮೇಜಿನ ಮೇಲಿಟ್ಟು, ಫಾರಂ ಎಳೆದುಕೊಂಡರು. ಹುಡುಗಿಯ ಹೆಸರು ಹೊಡೆದುಹಾಕಿ ತಮ್ಮ ಹೆಸರು ಬರೆದು ಸಹಿ ಮಾಡಿದರು.

“ನಿಯಮ ಅಂದ್ರೆ ನಿಯಮ. ಒಂದು ತಿಂಗಳು ಈ ಡಸ್ಟರ್ ಬಂದ್. ಬೀರುವಿನಲ್ಲಿಟ್ಟು ಬೀಗ ಹಾಕಮ್ಮ. ನಾನೇ ಬಂದು ಕೇಳಿದ್ರೂ ಕೊಡಬೇಡ.”

ಹುಡುಗಿ ಬೋರ್ಡ್ ನೋಡಿಕೊಂಡು ಖಾಲಿ ಜಾಗ ತುಂಬುತ್ತಿದ್ದಳು. ಬೀಗ ಹಾಕಿ ತಿರುಗಿದೆ. ಸಾಲು ಇದ್ದ ಹಾಗೇ ಇತ್ತು, ಪೂರ್ತಿ. ಅವಳ ನೋಟ್‌ಬುಕ್ಕಿನಲ್ಲಿದ್ದ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಅದಕ್ಕೆ ಕೂಡಿಸಿ ನೋಡಿದೆ.

“ಓ, ಇದು ಹೀಗಾ,” ಎಂದುಬಿಟ್ಟೆ.

ದೊಡ್ಡಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದರು.

“ನೀನೂನಾ?” ಎಂದರು.