ಬೆನ್ನಿಗೆ ಹೇಳಿದ ಮಾತು

"ಈ ಗೋಡೆ ಏನು ತಪ್ಪು ಮಾಡಿತ್ತು ಅಂತ ಇದಕ್ಕೆ ಮೊಳೆ ಹೊಡೀಬೇಕು?"

ಮಲಗುವ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು ಅವಳು ಕೇಳಿದಾಗ ಉತ್ತರ ಕೊಡಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಂಡ ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಬಾಗಿಲಲ್ಲಿ ಕಾಯುತ್ತಿದ್ದ. ಅವಳ ಕೈಯಲ್ಲಿದ್ದದ್ದು ಹೊಲಿಗೆಯ ಟೇಪು. ಬೀದಿಯ ಹೆಂಗಸರ ಎದೆ, ಸೊಂಟ, ತೋಳು ಅಳೆದೂ ಅಳೆದೂ ಅದರ ಮೊದಲೆರಡು ಅಂಕಿ ಸವೆದುಹೋಗಿದ್ದವು. ಬಾಗಿಲ ಚೌಕಟ್ಟಿನಿಂದ ಬೀರುವಿನ ಅಂಚಿಗೆ ಐವತ್ತೊಂದು ಇಂಚು. ಅಳತೆ ಕೊಡಲು ಬಂದವರೆಲ್ಲ ಟೇಪು ತಾಗುತ್ತಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಗೋಡೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿತು. ಅಂಗೈ ಮೇಲೆ ಬರೆದುಕೊಂಡು ಇಳಿದಳು.

ಮಲಗುವ ಕೋಣೆಗೊಂದು ಹೊಸ ಟೀವಿ ಬೇಕೆಂದು ಹಠ ಹಿಡಿದವನು ಗಂಡ. ಅಚ್ಚುಕೂಟದಲ್ಲಿ ಮುದ್ರಣದ ಮಿಷನ್ ನಡೆಸುವ ಕೆಲಸ ಅವನದು. ತನಗೆಂದು ಒಂದು ಒಳ್ಳೆಯ ಅಂಗಿ ಕೇಳಿದವನಲ್ಲ. ನಡುಮನೆಯ ಹಳೆಯ ಟೀವಿ ಇನ್ನೂ ಉಸಿರಾಡುತ್ತಿರುವಾಗ ಇನ್ನೊಂದು ಯಾಕೆಂದು ಅವಳು ಕೇಳಿದ್ದಕ್ಕೆ, "ದಿನವೆಲ್ಲಾ ಮಿಷನ್ ತುಳೀತೀಯ. ಮಲಗಿಕೊಂಡು ಏನಾದ್ರೂ ನೋಡು. ನಿನಗೋಸ್ಕರಾನೇ ಕಣೆ," ಅಂದಿದ್ದ. ಆ ಮಾತಿಗೆ ಅವಳು ಒಳಗೊಳಗೇ ಕರಗಿದ್ದಳು. ಆದರೂ ಏನೋ ಒಂದು ಸಣ್ಣ ಕಸಿವಿಸಿ. ಟೀವಿ ಬಂದರೆ ತಮ್ಮ ಮಾತಿನ ಹೊತ್ತು ಎಲ್ಲಿಗೆ ಹೋಗಬೇಕು?

ಮದುವೆಯಾದ ಲಾಗಾಯ್ತಿನಿಂದ ದೀಪ ಆರಿಸಿದ ಮೇಲೆ ಅರ್ಧ ಗಂಟೆ ಅವಳದು. ಅವನು ಕಿಟಕಿಯ ಕಡೆ ಮುಖ ಮಾಡಿ ಬಲಮಗ್ಗುಲಿಗೆ ಮಲಗುತ್ತಿದ್ದ. ಅವಳು ಅವನ ಬೆನ್ನಿಗೆ ಹೇಳುತ್ತಿದ್ದಳು. ಯಾರ ರವಿಕೆ ಬಿಗಿಯಾಯಿತು, ಯಾರ ಮಗಳು ಮುನಿಸಿಕೊಂಡಳು, ಯಾವ ಕನಸು ಬಿತ್ತು. ಮಾತಿನ ನಡುವೆ ಅಂಗೈಯಿಂದ ಅವನ ಬೆನ್ನನ್ನೊಮ್ಮೆ ಒತ್ತುವಳು. ಅವನು "ಹೂಂ" ಅನ್ನುವನು. ಅಷ್ಟು ಸಾಕಿತ್ತು. ಚಿಕ್ಕಂದಿನಲ್ಲಿ ಅಪ್ಪ ಪದ್ಯ ಓದಿ ಕಥೆ ಹೇಳುವಾಗ ಹೂಂಗುಡುವ ಕೆಲಸ ಅವಳದೇ. ತೂಕಡಿಸಿ ಒಂದು ಹೂಂ ತಪ್ಪಿದರೆ ಅಪ್ಪ ಅಲ್ಲಿಗೇ ನಿಲ್ಲಿಸಿ, "ನಾನು ಯಾರಿಗೆ ಹೇಳ್ತಾ ಇದೀನಿ, ಕಂಬಕ್ಕಾ?" ಎಂದು ಗದರುತ್ತಿದ್ದ. ಹಾಗಾಗಿ ಹೂಂ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡನ ಹೂಂಗಳಲ್ಲೂ ಒಂದೊಂದಕ್ಕೂ ಬೇರೆ ಬೇರೆ ಅರ್ಥ ಕಾಣುತ್ತಿತ್ತು. ಗಿಡ್ಡ ಹೂಂ ಎಂದರೆ ನಗು, ಎಳೆದದ್ದು ಎಂದರೆ ಯೋಚನೆ.

ಎಂಟು ತಿಂಗಳ ಹಿಂದೆ ಅವಳು ಆ ಬೆನ್ನಿಗೆ ಒಂದು ದೊಡ್ಡ ಮಾತು ಹೇಳಿದ್ದಳು.

ಅದು ಅತ್ತೆಯ ಕೊನೆಯ ದಿನದ್ದು. ಹನ್ನೊಂದು ವರ್ಷದ ಹಿಂದಿನ ಮಾತು. ಹಾಸಿಗೆ ಹಿಡಿದ ಅತ್ತೆ ದಿನಕ್ಕೆ ಹತ್ತು ಸಲ "ಮಗನ್ನ ಕರಿ" ಅನ್ನುವರು. ಅವನು ಕೆಲಸ ಬಿಟ್ಟು ಓಡಿ ಬಂದರೆ, "ಏನಿಲ್ಲಪ್ಪ, ನೋಡ್ಬೇಕು ಅನ್ನಿಸ್ತು," ಎಂದು ನಗುವರು. ಅಚ್ಚುಕೂಟದ ಯಜಮಾನರು ಎರಡು ಸಲ ಮುಖ ಗಂಟಿಕ್ಕಿದ್ದರು. ಆ ಮಧ್ಯಾಹ್ನವೂ ಅತ್ತೆ ಕರೆಯೆಂದರು. ಅವಳ ಮುಂದೆ ಶಾಲೆಯ ಸಮವಸ್ತ್ರದ ರಾಶಿ. ಮಿಷನ್ನಿನ ಮುಂದಿನಿಂದ ಏಳದೆ, "ಫೋನ್ ಮಾಡಿದೀನಿ ಅತ್ತೆ, ಬರ್ತಾ ಇದಾರೆ," ಅಂದುಬಿಟ್ಟಳು. ಮಾಡಿರಲಿಲ್ಲ. ಅತ್ತೆ ಬಾಗಿಲ ಕಡೆ ಕಣ್ಣು ನೆಟ್ಟು ಕಾದರು. ನಾಲ್ಕರ ಹೊತ್ತಿಗೆ ಆ ಕಣ್ಣು ಹಾಗೆಯೇ ನಿಂತಿತು. ಆರಕ್ಕೆ ಬಂದ ಮಗ, "ಅಮ್ಮ ನನ್ನ ಕೇಳ್ಲಿಲ್ವಾ?" ಅಂದ. "ಇಲ್ಲ, ನಿದ್ದೇಲೇ ಹೋದ್ರು," ಅಂದಳು.

ಇದನ್ನು ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದವಳು ಎಂಟು ತಿಂಗಳ ಹಿಂದಿನ ಆ ರಾತ್ರಿ ಒಂದು ಅಕ್ಷರ ಬಿಡದೆ ಹೇಳಿದಳು. ಹೇಳಿ ಮುಗಿಸಿ, ಅಂಗೈಯನ್ನು ಬೆನ್ನಿಗೆ ಒತ್ತಿದಳು. ಅವನು ಎಳೆದು "ಹೂಂ" ಅಂದ. ಆಮೇಲೆ ಕೈ ಹಿಂದಕ್ಕೆ ಚಾಚಿ ಹೊದಿಕೆಯನ್ನು ಅವಳ ಭುಜದವರೆಗೆ ಎಳೆದ. ಅವಳು ಸದ್ದಿಲ್ಲದೆ ಅತ್ತಳು. ಮಾರನೆಯ ಬೆಳಗ್ಗೆ ಅವನು ಆ ಮಾತು ಎತ್ತಲಿಲ್ಲ, ಎಂದಿನಂತೆ ನಕ್ಕ. ಇಂಥ ದೊಡ್ಡ ಮನಸ್ಸು ಯಾರಿಗಿದ್ದೀತು ಎಂದುಕೊಂಡಳು. ಅಂದಿನಿಂದ ಅವಳ ನಡಿಗೆಯೇ ಹಗುರಾಗಿತ್ತು. ದೇವರಿಗೆ ಕೈಮುಗಿಯುವಾಗ ಕಣ್ಣು ತಗ್ಗಿಸುತ್ತಿದ್ದವಳು ಈಗ ತಲೆಯೆತ್ತಿ ಮುಗಿಯುತ್ತಿದ್ದಳು.

ಟೀವಿ ಅಂಗಡಿ ತಲುಪಿದಾಗ ಬಾಗಿಲಲ್ಲಿ ನಾದಿನಿ ಸೇರಿಕೊಂಡಳು. ಬಾಯಿಗೆ ಬಿಡುವಿಲ್ಲದ್ದಕ್ಕೆ ಅವಳನ್ನು ಮನೆಮಂದಿಯೆಲ್ಲ ಗಿಣಿ ಅನ್ನುತ್ತಿದ್ದರು. ಒಳಗೆ ಮೂರು ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಹಳದಿ ಮೀನು. ದೊಡ್ಡ ಪರದೆಯಲ್ಲಿ ಅದು ತಟ್ಟೆಯಗಲ, ಸಣ್ಣದರಲ್ಲಿ ಗುಂಡಿಯಷ್ಟು.

ಮಾರಾಟದವನು ಕೈಯುಜ್ಜಿಕೊಂಡು ಬಂದ. "ಹಾಸಿಗೆಯಿಂದ ಗೋಡೆಗೆ ಎಷ್ಟು ದೂರ ಮೇಡಂ?"

"ಏಳೂವರೆ ಅಡಿ."

"ಹಾಗಾದ್ರೆ ನಲವತ್ತಮೂರು ಇಂಚು ಹೇಳಿ ಮಾಡಿಸಿದ ಹಾಗಿರುತ್ತೆ."

"ಐವತ್ತೈದು ತಗೊಳ್ಳಿ ಅತ್ತಿಗೆ," ಅಂದಳು ಗಿಣಿ. "ಎದುರು ಮನೆಯವರೂ ಅವರ ಕಿಟಕೀಲೇ ಕೂತು ನೋಡ್ಕೊಳ್ಳಲಿ."

"ಅಷ್ಟು ದೊಡ್ಡದು ಇಟ್ರೆ ಬೀರು ಬಾಗಿಲು ತೆರೆಯಲ್ಲ ಕಣೆ. ಬಟ್ಟೇನ ಟೀವಿ ಒಳಗಿಂದ ತೆಗೀಬೇಕಾಗುತ್ತೆ."

ಅವಳು ನಲವತ್ತಮೂರರ ಪರದೆಗೆ ಟೇಪು ಹಿಡಿದು ನೋಡಿದಳು. "ಏನಪ್ಪಾ, ಮೂವತ್ತೆಂಟೇ ಇದೆಯಲ್ಲ."

"ಇದನ್ನ ಮೂಲೆಯಿಂದ ಮೂಲೆಗೆ ಅಳೀಬೇಕು ಮೇಡಂ."

"ನಾನು ಹೀಗೆ ಓರೆಯಾಗಿ ಅಳೆದು ಹೊಲಿದ್ರೆ ಈ ಊರಲ್ಲಿ ಯಾರೂ ಮನೆಯಿಂದ ಹೊರಗೆ ಬರೋ ಹಾಗಿಲ್ಲ."

ಮಾರಾಟದವನು ನಕ್ಕ. ಗಂಡ ನಗಲಿಲ್ಲ. ಅವನು ಪರದೆಯ ಕೆಳತುದಿಯನ್ನೇ ನೋಡುತ್ತಿದ್ದ. "ಅವರು ಮಾತಾಡಿದ್ದೆಲ್ಲ ಕೆಳಗೆ ಅಕ್ಷರದಲ್ಲಿ ಬರುತ್ತಾ?" ಎಂದು ಕೇಳಿದ.

"ತುಂಬಾ ಕಾರ್ಯಕ್ರಮಗಳಿಗೆ ಬರುತ್ತೆ ಸರ್."

"ನಿನಗೆ ನಿದ್ದೆ ಬಂದ್ರೆ ನಾನು ಸದ್ದು ಪೂರ್ತಿ ತೆಗೆದು ನೋಡ್ಬಹುದು," ಎಂದ ಅವಳ ಕಡೆ ತಿರುಗಿ. ಎಷ್ಟೆಲ್ಲ ಯೋಚಿಸುತ್ತಾನೆ ಪುಣ್ಯಾತ್ಮ ಎಂದು ಅವಳ ಮನಸ್ಸು ತುಂಬಿ ಬಂತು.

ಮಾರಾಟದವನು ರಿಮೋಟು ಒತ್ತಿ ಸದ್ದು ಏರಿಸಿದ. ಅಲೆಗಳ ಮೊರೆತ ಅಂಗಡಿ ತುಂಬಿತು. ಗಂಡನ ಎಡಕ್ಕೆ ಬಂದು ನಿಂತು ಸದ್ದು ಇಳಿಸಿ, "ಹೇಗಿದೆ ಸರ್?" ಅಂದ. ಗಂಡ ಮೀನು ನೋಡುತ್ತಿದ್ದ. "ಸರ್, ಸ್ಪೀಕರು ಹೇಗಿದೆ?" ಮತ್ತೆ ಕೇಳಿದ. ಮೀನು ತಿರುಗಿತು, ಗಂಡನ ಕಣ್ಣೂ ಅದರ ಹಿಂದೆಯೇ ತಿರುಗಿತು.

ರೆಫ್ರಿಜರೇಟರಿನ ಬಾಗಿಲು ತೆರೆದು ನೋಡುತ್ತಿದ್ದ ಗಿಣಿ ಅಲ್ಲಿಂದಲೇ ಹೇಳಿದಳು: "ಆ ಕಡೆ ನಿಂತ್ರೆ ಅಣ್ಣಂಗೆ ಕೇಳ್ಸಲ್ಲಪ್ಪ. ಈ ಕಡೆ ಬನ್ನಿ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವೀಲೇ ಸಂಸಾರ ನಡೀತಿದೆ. ಅಲ್ವಾ ಅತ್ತಿಗೆ?"

ಗಂಟೆ ಎಷ್ಟೆಂದು ಕೇಳಿದವರಿಗೆ ಹೇಳುವಷ್ಟೇ ಸಲೀಸಾಗಿ ಹೇಳಿದ್ದಳು.

ಅವಳು ಟೇಪನ್ನು ಮೆಲ್ಲಗೆ ಸುತ್ತತೊಡಗಿದಳು. "ಯಾವಾಗಿಂದ?"

ಗಿಣಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಅತ್ತಿಗೆ. ನಿಮಗೆ ಹೇಳಿದೀನಿ ಅಂದಿದ್ನಲ್ಲ ಅಣ್ಣ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಮೂರು ವರ್ಷ ಆಗ್ತಾ ಬಂತು."

ಮೂರು ವರ್ಷ. ಅವಳಿಗೆ ಮೊದಲು ನೆನಪಾದದ್ದು ಊಟಕ್ಕೆ ಕೂತಾಗ ಎಡಭುಜವನ್ನು ಗೋಡೆಗೆ ತಾಗಿಸುವ ಅವನ ಹೊಸ ಅಭ್ಯಾಸ. ಕರೆದರೆ ಓಗೊಡದ್ದನ್ನು ಗಂಡಸರ ಜಾಯಮಾನವೇ ಇದು ಎಂದು ತಾನು ನಕ್ಕು ಸುಮ್ಮನಾದದ್ದು. ಆಮೇಲೆ ಹಾಸಿಗೆ ಕಣ್ಣಿಗೆ ಕಟ್ಟಿತು. ಅವನು ಬಲಮಗ್ಗುಲಿಗೆ ಮಲಗುತ್ತಾನೆ. ಕೇಳುವ ಕಿವಿ ದಿಂಬಿನಲ್ಲಿ. ಮೇಲಿರುವುದು ಹೋದ ಕಿವಿ. ತಾನು ಅತ್ತೆಯ ಮಾತು ಹೇಳಿದ್ದು ಆ ಕಿವಿಗೆ.

ಗಂಡನ ಕಿವಿ ಹೋಯಿತೇ ಎಂದು ಮರುಗಬೇಕಾಗಿತ್ತು. ಮರುಕ ಬರಲಿಲ್ಲ. ಎಂಟು ತಿಂಗಳಿಂದ ತಾನು ಎದೆಯಲ್ಲಿ ಹೊತ್ತು ತಿರುಗಿದ ಕ್ಷಮೆಯನ್ನು ಯಾರೂ ಕೊಟ್ಟೇ ಇರಲಿಲ್ಲ. ಆ ಎಳೆದ ಹೂಂ, ಆ ಹೊದಿಕೆ, ಯಾವುದಕ್ಕೂ ಏನೂ ಅರ್ಥವಿರಲಿಲ್ಲ. ಚಳಿಯಾಗಿತ್ತು, ಹೊದಿಸಿದ್ದ.

"ಯಾವುದು ಫೈನಲ್ ಮೇಡಂ?" ಮಾರಾಟದವನು ತಗ್ಗಿದ ದನಿಯಲ್ಲಿ ಕೇಳಿದ.

"ಅವರನ್ನೇ ಕೇಳಿ. ಬಲಗಡೆ ನಿಂತು ಕೇಳಿ."

ಗಂಡ ನಲವತ್ತಮೂರು ಇಂಚಿನದನ್ನೇ ಹೇಳಿದ. ಅವಳ ಮುಖ ನೋಡಿದವನಿಗೆ ವಿಷಯ ಗೊತ್ತಾಗಿತ್ತು. ಗಿಣಿ ದಾರಿಯಲ್ಲೇ ಬೇರೆ ಕೆಲಸದ ನೆಪ ಮಾಡಿಕೊಂಡು ಆಟೋದಿಂದ ಇಳಿದುಹೋದಳು. ಗಿಣಿಯ ಬಾಯಿಗೆ ಬೀಗ ಬಿದ್ದದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಐದು ಗಂಟೆಗೆ ಟೀವಿ ತಂದು ಕೂರಿಸುತ್ತೇವೆಂದಿದ್ದರು. ಮೂರಕ್ಕೆ ಅವಳು ಮಂಚದ ತುದಿಯಲ್ಲಿ ಕುಳಿತು, ಖಾಲಿ ಗೋಡೆಯ ಕೆಳಗಿದ್ದ ಬಟ್ಟೆಯ ಗಂಟನ್ನು ತಂದು ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ನೋಡಿ, ಬಂದು ಪಕ್ಕದಲ್ಲಿ ಅವಳ ಕಡೆ ತಿರುಗಿ ಕುಳಿತ.

"ಹೇಳ್ಬೇಕು ಅಂತಾನೇ ಇದ್ದೆ."

"ತಂಗಿಗೆ ಹೇಳೋದಕ್ಕೆ ಬಾಯಿ ಬಂತು."

"ನಮ್ಮ ಯಜಮಾನರ ಹೆಂಡತಿ ನಿನ್ನ ಹತ್ರ ಹೊಲಿಸ್ತಾರೆ. ಕಿವಿ ಕೇಳದವನನ್ನ ಮಿಷನ್ ಮುಂದೆ ನಿಲ್ಲಿಸ್ತಾರಾ? ಅಳತೆ ತಗೊಳ್ಳುವಾಗ ಮಾತಿಗೆ ಮಾತು ಬಂದು ನಿನ್ನ ಬಾಯಿ ತಪ್ಪಿ ಏನಾದ್ರೂ..."

"ನನ್ನ ಬಾಯಿ," ಎಂದಳು ಅವಳು. ಹನ್ನೊಂದು ವರ್ಷ ಮುಚ್ಚಿಟ್ಟ ಬಾಯಿ. "ಅದು ಯಾವತ್ತು ತಪ್ಪಿದೆ ಹೇಳಿ."

ಅವನು ಮಂಚದಿಂದ ಜಾರಿದ ಬಟ್ಟೆಯೊಂದನ್ನು ಎತ್ತಿ ಅವಳ ಕಡೆ ಚಾಚಿದ.

"ಕೇಳಿಸದೇ ಇದ್ದದ್ದಕ್ಕೆ ಹೂಂ ಅಂದಿದ್ದು ಹೇಗೆ?"

"ನೀನು ಬೆನ್ನು ಒತ್ತುತ್ತಿದ್ಯಲ್ಲ. ಆವಾಗ ಅಂತಿದ್ದೆ."

ಅವಳ ಕೈ ತಾನಾಗಿಯೇ ಮಡಿಲೊಳಗೆ ಸೇರಿಕೊಂಡಿತು. "ಇನ್ನೊಂದು ಕಿವಿ ಇದೆಯಲ್ಲ ರೀ. ಈ ಕಡೆ ತಿರುಗಿ ಮಲಗಬಹುದಿತ್ತು."

 ಅವನು ಸುಳ್ಳು ಹೇಳಬಹುದಿತ್ತು, ಈ ಸಲ ಹೇಳಲಿಲ್ಲ. "ದಿನವೆಲ್ಲಾ ಮಿಷನ್ ಸದ್ದು. ಇರೋ ಒಂದು ಕಿವೀಲೂ ಅದೇ ಗುಂಯ್ ಅಂತಿರುತ್ತೆ. ದಿಂಬಿಗೆ ಒತ್ಕೊಂಡ್ರೆ ಒಂದಿಷ್ಟು ಶಾಂತಿ."

"ನನ್ನ ಮಾತಿಂದಾನೂ ಶಾಂತಿ."

"ಹಾಗಲ್ಲ," ಎಂದ. ಹಾಗೇ ಎಂದು ಅವನ ಮುಖ ಹೇಳಿತು.

"ಅದಕ್ಕೇ ಈ ಟೀವಿ. ನಾನು ಅದನ್ನ ನೋಡ್ತಾ ಬಾಯಿ ಮುಚ್ಕೊಂಡಿರ್ತೀನಿ, ನಿಮಗೆ ಹೂಂ ಅನ್ನೋ ಕೂಲಿ ತಪ್ಪುತ್ತೆ. ನಿನಗೋಸ್ಕರ ಅಂದ್ರಿ."

"ಮೋಸ ಮಾಡ್ತಾ ಇದೀನಿ ಅಂತ ನನಗೂ ಒಳಗೆ ಕೊರೀತಿತ್ತು ಕಣೆ. ಸುಳ್ಳು ಹೂಂ ನಿಲ್ಲಿಸೋಕೆ ಬೇರೆ ದಾರಿ ತೋಚಲಿಲ್ಲ."

ಬೀದಿಯಲ್ಲಿ ಯಾರದೋ ಬೈಕು ಕೆಮ್ಮಿ ಹೊರಟಿತು. ಅವಳು ಮಡಿಸಿದ ಬಟ್ಟೆಯನ್ನೇ ಇನ್ನೊಮ್ಮೆ ಮಡಿಸಿದಳು. ಅವನು ಎದ್ದು, ಮಂಚ ಬಳಸಿ, ಅವಳ ಇನ್ನೊಂದು ಪಕ್ಕಕ್ಕೆ ಬಂದು ಕುಳಿತ. ಈಗ ಅವನ ಬಲಗಿವಿ ಅವಳ ಕಡೆಗಿತ್ತು. ಕಿವಿಯ ಹಾಲೆಗೆ ಅಚ್ಚಿನ ಮಸಿ ಅಂಟಿತ್ತು.

"ಮೂರು ವರ್ಷದ್ದೆಲ್ಲಾ ನೆನಪಿಸ್ಕೊಂಡು ಹೇಳೋದಕ್ಕಾಗಲ್ಲ, ಗೊತ್ತು. ನಾನು ಕೇಳಲೇಬೇಕಾಗಿದ್ದದ್ದು ಏನಾದ್ರೂ ಇತ್ತಾ?"

ಇಲ್ಲ ಅನ್ನಬಹುದಾಗಿತ್ತು. ಅಂದಿದ್ದರೆ ಸಂಜೆಯ ಹೊತ್ತಿಗೆ ಜಗಳ ತಣ್ಣಗಾಗಿ, ಗೋಡೆಯ ಮೇಲೆ ಹಳದಿ ಮೀನು ಈಜುತ್ತಿತ್ತು. ಆದರೆ ಅವಳೊಳಗೆ ಏನೋ ಕಲ್ಲಾಗಿತ್ತು.

"ಇತ್ತು. ಒಂದು."

"ಯಾರ ವಿಷಯ?"

"ನಿಮ್ಮಮ್ಮಂದು."

ಅವನ ಮುಖದ ಬಣ್ಣ ಇಳಿಯಿತು. "ಅಮ್ಮಂದಾ? ಅಮ್ಮ ಹೋದ ದಿನದ್ದಾ?"

ಅವಳು ಅವನನ್ನೇ ನೋಡಿದಳು. ಹುಬ್ಬು, ಗಲ್ಲ, ಕಾಯುವಾಗ ತುಸು ತೆರೆಯುವ ತುಟಿ, ಎಲ್ಲ ಅತ್ತೆಯದೇ. ಆ ಒಂದು ಮಾತಿಗೆ ಬೇಕಾದ ಧೈರ್ಯವನ್ನು ಹನ್ನೊಂದು ವರ್ಷ ತೊಟ್ಟು ತೊಟ್ಟಾಗಿ ಕೂಡಿಸಿದ್ದಳು. ಅಷ್ಟನ್ನೂ ಒಂದು ದಿಂಬು ಕುಡಿದುಬಿಟ್ಟಿತ್ತು. ಈಗ ಹಗಲು. ಅವನ ಬೆನ್ನಲ್ಲ, ಮುಖ ಎದುರಿಗಿತ್ತು.

"ಏನಂದ್ಲು ಅಮ್ಮ? ನನ್ನ ಕೇಳಿದ್ಲಾ?" ಅವನು ಅವಳ ಕೈ ಹಿಡಿಯಲು ಬಂದ. ಅವಳು ಕೊಡಲಿಲ್ಲ. "ಇನ್ನೊಂದು ಸಲ ಹೇಳೇ. ಈ ಕಿವಿಗೆ ಹೇಳು. ನಿನಗೆ ಕೈಮುಗೀತೀನಿ."

"ಹೇಳಲ್ಲ," ಎಂದಳು.