ಮೂರನೇ ಗೇಟಿನ ಕಾವಲು

ನಮ್ಮೂರಿನ ಹಳೆಯ ವಿಮಾನ ಮೈದಾನದಲ್ಲಿ ರಾಕ್ ಸಂಗೀತ ಮೇಳ ಮಾಡಿಸಲು ಸ್ಟಾಕ್‌ಹೋಮಿನಿಂದ ಬಂದ ಮೋನ್ಸ್, ನಲವತ್ತು ಸಾವಿರ ಜನ ಸೇರುತ್ತಾರೆ ಎಂದು ಬೀಗಿದ್ದ. ಮಾರಾಟವಾದದ್ದು ಆರು ಸಾವಿರ ಟಿಕೆಟ್. ಕೇಳಿದರೆ, ಈ ಕಡೆಯ ಜನಕ್ಕೆ ಸಂಗೀತದ ಗಂಧವೇ ಇಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇಳವನ್ನು ಮಿಡ್‌ಸಮ್ಮರ್ ಹಬ್ಬದ ದಿನವೇ ಇಟ್ಟವನು ಅವನು. ಅಂದು ಸ್ವೀಡನ್ನಿಗೆ ಸ್ವೀಡನ್ನೇ ಬೇಸಿಗೆಮನೆಯ ಅಂಗಳದಲ್ಲಿ ಉಪ್ಪಿನ ಮೀನು, ಹೊಸ ಆಲೂಗಡ್ಡೆ ತಿನ್ನುತ್ತ ಕೂತಿರುತ್ತದೆ ಎಂಬುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು.

ಅಂದು ಮೂರು ಗಂಟೆಗೆ ನಮ್ಮ ಅಕ್ಕ ಗುನಿಲ್ಲಾ ಹಾಡಬೇಕಿತ್ತು. ಅವಳಿಗೆ ಅರವತ್ತೊಂದು. ಮುಂದಿನ ಮಂಗಳವಾರ ಗಂಟಲಿನ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಕೊನೆಯ ಸಲ ಊರಿನವರ ಎದುರು ಹಾಡುತ್ತೇನೆಂದು ಹಳೆಯ ತಂಡವನ್ನು ಅವಳೇ ಕಾಡಿ ಬೇಡಿ ಕೂಡಿಸಿದ್ದಳು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮೋನ್ಸನಿಗೆ ಬೇಕಾಗಿದ್ದು ಆಕಾಶದಿಂದ ತೆಗೆದ ಒಂದು ಫೋಟೋ. ನಾಲ್ಕು ಗೇಟುಗಳಲ್ಲಿ ಮೂರನ್ನು ಮುಚ್ಚಿಸಿದ. ಎಲ್ಲರೂ ಒಂದೇ ಕಡೆ ಮುತ್ತಿಕೊಂಡರೆ ಜನಜಾತ್ರೆ ಕಾಣುತ್ತದಂತೆ. ಆ ಒಂದು ಗೇಟಿನಲ್ಲಿ ಟಿಕೆಟ್ ನೋಡಿ ಕೈಗೆ ಪಟ್ಟಿ ಕಟ್ಟಲು ಇಬ್ಬರು; ಫೋಟೋ ಆಗುವವರೆಗೆ ಅವರೂ ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಸಾಲು ಬೇಲಿಯುದ್ದಕ್ಕೂ ಬೆಳೆದು, ನಾನು ಕಾಯುತ್ತಿದ್ದ ಮೂರನೇ ಗೇಟನ್ನೂ ದಾಟಿತು. ಹಾಕಿ ಕ್ಲಬ್ಬಿನ ಕಡೆಯಿಂದ ಬಿಟ್ಟಿ ಕೆಲಸಕ್ಕೆ ಬಂದವನು ನಾನು.

ನಮ್ಮ ಜನವೋ, ಸಾಲು ಕಂಡರೆ ದೇವರು ಕಂಡ ಹಾಗೆ. ಒಬ್ಬಳು ಮುದುಕಿ ಕೇಳಿದಳು.

"ಏನಪ್ಪಾ, ಈ ಕಡೆಯಿಂದ ಬಿಡಲ್ವಾ?"

"ಆರ್ಡರ್ ಬಂದಿಲ್ಲಮ್ಮ."

"ಹಂಗಾದ್ರೆ ಸರಿ ಬಿಡು," ಎಂದು ತೃಪ್ತಿಯಿಂದ ಸಾಲಿಗೆ ಮರಳಿದಳು. ಬಿಸಿಲಲ್ಲಿ ಎರಡು ಗಂಟೆ ನಿಂತರೂ ಒಬ್ಬರೂ ದನಿ ಎತ್ತಲಿಲ್ಲ. ಕುರಿಗಳಾದರೂ ಅರಚುತ್ತವೆ.

ಮೂರಕ್ಕೆ ಅಕ್ಕನ ಗಿಟಾರು ಕೇಳಿಸಿತು. ನಾನು ವಾಕಿಟಾಕಿ ಒತ್ತಿದೆ.

"ಮೋನ್ಸ್, ಅಕ್ಕ ಶುರು ಮಾಡಿದ್ಲು. ಜನ ಎಲ್ಲಾ ಹೊರಗೇ ಇದಾರೆ. ಗೇಟು ತೆಗೀಲಾ?"

"ಅಯ್ಯೋ, ತಡ್ಕೊಳ್ರೀ! ಡ್ರೋನ್ ಈಗ ತಾನೇ ಏರ್ತಾ ಇದೆ. ನಾನು ಹೇಳೋವರ್ಗೂ ಮುಟ್ಬೇಡಿ."

ಮುಟ್ಟಲಿಲ್ಲ. ಅಕ್ಕ ಐದು ಹಾಡು ಹಾಡಿದಳು. ಕೇಳಿದವರು ಹನ್ನೆರಡು ಕಾವಲುಗಾರರು, ಒಬ್ಬ ಸಾಸೇಜ್ ಮಾರುವವನು, ಮತ್ತು ನಲವತ್ತು ಸಾವಿರ ಜನಕ್ಕೆಂದು ತರಿಸಿದ್ದ ಖಾಲಿ ಕಕ್ಕಸುಗಳು. ಕೊನೆಯ ಹಾಡಿನಲ್ಲಿ ಅವಳ ದನಿ ಎರಡು ಕಡೆ ಒಡೆಯಿತು. ಆದರೂ ಕಾವಲು ಬಿಟ್ಟು ಹೋಗಬಾರದೆಂದು ಕುರ್ಚಿಯಲ್ಲೇ ಕೂತಿದ್ದೆ.

ಹಾಡು ಮುಗಿಸಿ ಅವಳು ಖಾಲಿ ಹುಲ್ಲು ದಾಟಿ ನೇರ ನನ್ನ ಹತ್ತಿರ ಬಂದಳು.

"ಹಾಡೋವಾಗ ನಿನ್ನ ಹಳದಿ ಜಾಕೀಟೇ ಕಾಣ್ತಿತ್ತು ಕಣೋ. ಹಿಂದುಗಡೆ ಜನಾನೂ ಕಾಣ್ತಿದ್ರು. ಬೀಗ ಹಾಕ್ಕೊಂಡು ಹೋಗಿದ್ನೇನೋ ಆ ಮುಠ್ಠಾಳ?"

"ಇಲ್ಲ ಅಕ್ಕ. ಬರೀ ಚಿಲಕ."

ಅವಳು ನನ್ನನ್ನು ನೋಡಿದಳು. ಮೋನ್ಸನ ಬಗ್ಗೆ ನನಗಿದ್ದ ತಿರಸ್ಕಾರವೆಲ್ಲ ಅವಳ ಕಣ್ಣಿನಲ್ಲಿತ್ತು, ಆದರೆ ಅದು ನನ್ನ ಕಡೆ ತಿರುಗಿತ್ತು. ಒಂದೇ ಬೆರಳಿನಿಂದ ಚಿಲಕ ಎತ್ತಿ ಹೊರಟುಹೋದಳು. ಸಾಲಿನವರು ಸೌಜನ್ಯದಿಂದ ದಾರಿ ಬಿಟ್ಟರು. ತೆರೆದ ಗೇಟಿನೊಳಗೆ ಯಾರೂ ಕಾಲಿಡಲಿಲ್ಲ.

ನಾನು ಎದ್ದು ಚಿಲಕ ಹಾಕಿದೆ.