ಪಾದರಸ ಕುಡಿದವರ ಪಾಲು

ಪಾದರಸ ಕುಡಿದ ಇಲಿಮರಿ ಸೊರಗಬೇಕು. ಅದು ಅದರ ಧರ್ಮ. ಯಕೃತ್ತು ತನ್ನ ಕೆಲಸ ಮರೆತು, ಕೂಡಿಟ್ಟ ಸಕ್ಕರೆಯೆಲ್ಲ ಖಾಲಿಯಾಗಿ, ಮೈ ಇಳಿಯಬೇಕು. ಇಷ್ಟನ್ನು ತೋರಿಸಿಕೊಟ್ಟರೆ ಸಂಶೋಧಕಿಗೆ ಡಾಕ್ಟರೇಟ್. ಆದರೆ ಅವಳ ಎಡಗಡೆ ಪೆಟ್ಟಿಗೆಯ ಮರಿಗಳು ದಿನಾ ಪಾದರಸದ ಹನಿ ಕುಡಿದೂ ಮದುವೆ ಮನೆಯ ನೆಂಟರ ಹಾಗೆ ಉಬ್ಬಿಕೊಂಡು ಕೂತಿದ್ದವು. ಬರೀ ನೀರು ಕುಡಿದ ಬಲಗಡೆಯವು ಅವುಗಳ ಮುಂದೆ ನರಪೇತಲ. ಕೆಲವು ಮರಿಗಳ ಯಕೃತ್ತು ತೆಗೆದು ಅರೆದು ನೋಡಿದರೂ ಅದೇ ಕಥೆ: ವಿಷ ಕುಡಿದವುಗಳಲ್ಲೇ ಸಕ್ಕರೆ ತುಂಬಿ ತುಳುಕುತ್ತಿತ್ತು.

ಅವಳ ಗುರುಗಳಿಗೆ ವಿಭಾಗದಲ್ಲೆಲ್ಲ ‘ಹುಂ ಸರ್’ ಎಂದೇ ಹೆಸರು. ಬೈಗುಳವೂ ಹುಂ, ಆಶೀರ್ವಾದವೂ ಹುಂ. ಆ ಅಂಕಿಗಳನ್ನು ಕಂಡು ಮಾತ್ರ ಅವರು ಬಾಯಿ ಬಿಟ್ಟು ಮಾತಾಡಿದರು.

“ಪಾದರಸ ಇಷ್ಟು ಪುಷ್ಟಿ ಅಂತ ಗೊತ್ತಿದ್ರೆ ನಮ್ಮನೇಲೂ ಕುಡಿಸ್ತಿದ್ನಲ್ಲಮ್ಮ! ತಪ್ಪೆಲ್ಲಿ ಅಂತ ಹುಡುಕು. ಸಿಗ್ಲಿಲ್ಲ ಅಂದ್ರೆ ಬೇರೆ ಗುರು ನೋಡ್ಕೊ.”

ಅವಳು ಹುಡುಕಲು ಹೊರಟಳು. ತೂಕದ ಯಂತ್ರ ನೋಡಿದಳು, ನೀರಿನ ಬಾಟಲಿ ಮೂಸಿದಳು. ಕೊನೆಗೆ ಎಡಗಡೆ ಪೆಟ್ಟಿಗೆಗೆ ಹಾಸಿದ್ದ ಹೊಟ್ಟನ್ನು ಕೆದಕಿದಾಗ ಸಿಕ್ಕಿದ್ದು ಬಿಸ್ಕತ್ತಿನ ಚೂರು. ಯಾರೋ ಕದ್ದು ತಿನ್ನಿಸುತ್ತಿದ್ದಾರೆ! ಇಡೀ ದಿನ ಬಿಸ್ಕತ್ತು ಮೆಲ್ಲುವ ಕಾವಲುಗಾರನನ್ನು ಹಿಡಿದು ಜಾಡಿಸಿದಳು.

“ನನ್ನ ಬಿಸ್ಕತ್ತು ನಂಗೇ ಸಾಲಲ್ಲ, ಇಲಿಗೆ ಎಲ್ಲಿಂದ ಕೊಡ್ಲಿ?” ಎಂದು ಅವನು ಅಷ್ಟು ಸಂಕಟದಿಂದ ಕೇಳಿದ ಮೇಲೆ ನಂಬಲೇಬೇಕಾಯಿತು.

ಮರುದಿನ ಮಧ್ಯಾಹ್ನ ಅವಳು ಮೇವಿನ ಚೀಲಗಳ ಹಿಂದೆ ಅಡಗಿ ಕೂತಳು. ಬಾಗಿಲು ತೆರೆಯಿತು. ಬಂದವಳು ಅವಳ ಅಮ್ಮ, ಕೈಯಲ್ಲಿ ಮಗಳ ಊಟದ ಡಬ್ಬಿ. ಮನೆ ಹಿಂದಿನ ಬೀದಿಯಲ್ಲೇ ಇದ್ದುದರಿಂದ ದಿನಾ ಡಬ್ಬಿ ತಂದು, ಮಗಳ ಕೆಲಸ ಮುಗಿಯುವವರೆಗೆ ಇಲ್ಲೇ ಕಾಯುವುದು ವಾಡಿಕೆ. ಅಮ್ಮ ಪರ್ಸಿನಿಂದ ಬಿಸ್ಕತ್ತು ತೆಗೆದು ಎಡಗಡೆ ಪೆಟ್ಟಿಗೆಗೆ ಮುರಿದು ಹಾಕತೊಡಗಿದಳು.

“ತಿನ್ನು ಕಂದ. ಹಾಳಾದವಳು ವಿಷ ಹಾಕ್ತಾಳೆ ನಿಂಗೆ.”

“ಅಮ್ಮಾ!”

“ಮೆಲ್ಲಗೆ ಕೂಗೇ, ಮರಿ ಹೆದರ್ಕೊಳ್ತವೆ.”

“ನನ್ನ ಡಾಕ್ಟರೇಟ್ ತಿಂದು ಹಾಕ್ತಿದಾವಲ್ಲಮ್ಮ ಅವು!”

“ಪಾದರಸ ಕುಡಿಸ್ತೀನಿ ಅಂತ ನೀನೇ ಹೇಳ್ದೆ. ಹೊಟ್ಟೆ ಚುರ್ ಅನ್ನಲ್ವಾ?”

“ಸರಿ, ಈ ಕಡೆಯವು ಏನು ಪಾಪ ಮಾಡಿದ್ವು? ಒಂದು ಚೂರಾದ್ರೂ ಹಾಕಿದ್ಯಾ?”

“ಅವಕ್ಕೇನು ಧಾಡಿ? ಗಟ್ಟಿಮುಟ್ಟಾಗಿವೆ. ಕಲ್ಲು ತಿಂದ್ರೂ ಕರಗಿಸ್ತವೆ.”

ಈ ಮಾತು ಅವಳಿಗೆ ಹೊಸದಲ್ಲ. ತಮ್ಮ ಹುಟ್ಟುವಾಗಲೇ ಪೀಚು. ಬೆಣ್ಣೆ, ಮೊಟ್ಟೆ, ಹಾಲಿನ ಕೆನೆ ಎಲ್ಲ ಅವನ ತಟ್ಟೆಗೆ. ಇವಳು ಕೈ ಚಾಚಿದರೆ ‘ನಿಂಗೇನೇ ಧಾಡಿ, ಕಲ್ಲು ತಿಂದ್ರೂ ಕರಗಿಸ್ತೀಯ’. ತಮ್ಮ ಈಗ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾದಷ್ಟು ದಪ್ಪ. ಕೆನೆ ಇನ್ನೂ ಅವನಿಗೇ.

ಅವಳಿಗೆ ಅಳು ಬಂದುಬಿಟ್ಟಿತು. ಆ ಗಳಿಗೆಯಲ್ಲಿ ಡಾಕ್ಟರೇಟ್ ನೆನಪಿಗೇ ಬರಲಿಲ್ಲ.

“ಗಟ್ಟಿ ಇದ್ದವಕ್ಕೂ ಆಸೆ ಇರುತ್ತಮ್ಮ. ನಂಗೂ ಕಲ್ಲು ತಿಂದು ಸಾಕಾಗಿದೆ.”

ಅಮ್ಮ ಬಲಗಡೆ ಪೆಟ್ಟಿಗೆಯನ್ನು ನೋಡಿದಳು, ಮಗಳ ಮುಖ ನೋಡಿದಳು. ಡಬ್ಬಿ ಅಲ್ಲೇ ಇಟ್ಟು, ಕಾಯದೆ ಹೊರಟುಹೋದಳು. ಹಾಗೆ ಆಗಿದ್ದು ಅದೇ ಮೊದಲು.

ಹುಂ ಸರ್ ಎಲ್ಲ ಕೇಳಿಸಿಕೊಂಡು ಉದ್ದಕ್ಕೆ ‘ಹುಂ’ ಎಂದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

“ಹೊಸ ಮರಿ ತರ್ಸು, ಮೊದಲಿಂದ ಮಾಡು. ಬಾಗಿಲಿಗೆ ಬೀಗ ಹಾಕು. ಅಮ್ಮನ್ನ ನನ್ನ ರೂಮಲ್ಲಿ ಕೂರ್ಸು, ನಾನೂ ಸೊರಗಿದೀನಿ.”

ಮರುದಿನ ಡಬ್ಬಿ ತೆಗೆದರೆ ಬ್ರೆಡ್ಡು ಬೆಣ್ಣೆಯಡಿ ಹೂತುಹೋಗಿತ್ತು. ಮೇಲೆ ಮೊಟ್ಟೆ, ಪಕ್ಕದಲ್ಲಿ ಒಂದು ಲೋಟ ಕೆನೆ. ಬಾಯಿಗೆ ತುತ್ತಿಡುವಷ್ಟರಲ್ಲಿ ತಮ್ಮನ ಫೋನು.

“ಅಕ್ಕ, ನಿಜ ಹೇಳು. ಡಾಕ್ಟರ್ ಏನಂದ್ರು?”

“ಯಾವ ಡಾಕ್ಟರೋ?”

“ಮುಚ್ಚಿಡಬೇಡ. ಅಮ್ಮ ಕೆನೆ ಪೂರ್ತಿ ನಿನ್ನ ಡಬ್ಬಿಗೆ ಹಾಕಿದ್ದನ್ನ ನಾನೇ ನೋಡ್ದೆ. ಬದುಕ್ತೀಯ ತಾನೇ?”

ಅಷ್ಟರಲ್ಲಿ ಅವಳ ಬಾಯಿ ತುಂಬ ಬೆಣ್ಣೆಯಿತ್ತು. ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು.